ಒರೆಸಿದ ಗಾಜು

"ಅವ್ವಾ, ಅಳುವವರ ಕಣ್ಣೀರು ಒರೆಸುವುದು ಒಳ್ಳೆಯ ಕೆಲಸವೋ ಅಲ್ಲವೋ?" ಎಂದು ಮುರಿಗೆಯ್ಯ ಕೇಳಿದ.

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಗುರುಗಳನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು. ಅವರಿಗೆ ವಯಸ್ಸಾಗಿತ್ತು. ಅವರು ಹುಟ್ಟಿದ ಊರು ಅಲ್ಲಿಂದ ಬಹಳ ದೂರ. ಮುರಿಗೆಯ್ಯ ಅವರ ಶಿಷ್ಯ. ದುಃಖ ಹೊತ್ತು ಬಂದವರನ್ನು ಜಗಲಿಯಲ್ಲಿ ಕೂರಿಸಿ ಸಮಾಧಾನ ಹೇಳುವುದು ಅವನ ಪಾಲಿನ ಕೆಲಸವಾಗಿತ್ತು. ಅವನ ಮಾತು ಇಂಪು. ಅಳುತ್ತ ಬಂದವರು ಅವನ ಮಾತು ಕೇಳಿ, ಮೂಗು ಒರೆಸಿಕೊಂಡು, ಕೈಮುಗಿದು ಹೋಗುತ್ತಿದ್ದರು.

ಹಿಂದಿನ ದಿನ ದೋಣಿ ನಡೆಸುವವನ ಹೆಂಡತಿ ಬಂದಿದ್ದಳು. ಅವಳ ಮಗು ತೀರಿಕೊಂಡಿತ್ತು. ಕಂಬಕ್ಕೆ ತಲೆಯಾನಿಸಿ ಅವಳು ಅಳತೊಡಗಿದಳು. ಮುರಿಗೆಯ್ಯ ಬೇಗ ಬೇಗ ಬಂದು ಹತ್ತಿರ ಕೂತ. ದೇಹ ಉಳಿಯುವಂಥದ್ದಲ್ಲ ಎಂದ. ಹೋದ ಜೀವಕ್ಕೆ ನಮ್ಮ ಅಳು ಭಾರವಾಗುತ್ತದೆ ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಪ್ರಸಾದ ತೆಗೆದುಕೊಂಡಳು, ಎದ್ದು ಹೋದಳು. ನೋಡಿದವರೆಲ್ಲ ಮುರಿಗೆಯ್ಯನನ್ನು ಹೊಗಳಿದರು. ಅವ್ವ ಮಾತ್ರ ಏನೂ ಹೇಳದೆ ಒಳಗೆ ಹೋಗಿಬಿಟ್ಟಿದ್ದರು. ಅದು ಅವನನ್ನು ಕೊರೆಯುತ್ತಿತ್ತು.

"ಒಳ್ಳೆಯ ಕೆಲಸವಾದರೆ ನಿನ್ನೆ ನೀವೇಕೆ ಮುಖ ತಿರುಗಿಸಿಕೊಂಡು ಎದ್ದಿರಿ?" ಎಂದು ಅವನು ಮತ್ತೆ ಕೇಳಿದ.

ಅವ್ವ ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಹೇಳಿದರು: "ನಮ್ಮ ಊರಿನ ಕಡೆ ಗಾಜಿನ ಜಾಡಿಯೊಳಗೆ ತೋಟ ಮಾಡುತ್ತಿದ್ದರು. ಪುಟ್ಟ ತೋಟ. ಅದಕ್ಕೊಂದು ಹೆಸರಿತ್ತು. ಸೀಸೆ... ಸೀಸೆಬನ? ಅಲ್ಲ, ಬನ ಅಲ್ಲ. ಸೀಸೆಹಿತ್ತಿಲೋ ಏನೋ. ಮನಸ್ಸಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಹೋಗಲಿ ಬಿಡು. ಹೆಸರು ಅಲ್ಲೇ ಉಳಿಯಿತು, ನಾನು ಇಲ್ಲಿಗೆ ಬಂದೆ. ಕತೆ ಕೇಳು."

ಅವ್ವ ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಗಾಜಿನ ವ್ಯಾಪಾರಿ ಇದ್ದ. ದೀಪದ ಚಿಮಣಿ, ಜಾಡಿ, ಲೋಟ, ಕನ್ನಡಿ, ಇವು ಅವನ ಸರಕು. ಅವನ ಅಪ್ಪನೂ ಅದೇ ವ್ಯಾಪಾರ ಮಾಡಿದವನು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಮೇಲೆ ಪ್ರತಿಯೊಂದು ಗಾಜನ್ನೂ ಒರೆಸಬೇಕು. ಒರೆಸಿ ಮುಗಿಯುವ ತನಕ ಮೊದಲ ಗಿರಾಕಿಯನ್ನು ಒಳಗೆ ಕರೆಯಬಾರದು. ಅದು ಅಪ್ಪ ಹಾಕಿಕೊಟ್ಟ ಪದ್ಧತಿ. ಚಿಮಣಿಯ ಒಳಗೆ ಕೈ ಹೋಗುವುದಿಲ್ಲವಾದ್ದರಿಂದ ಬಿದಿರಿನ ಕೋಲಿಗೆ ಹಳೆಯ ಪಂಚೆಯ ತುಂಡು ಸುತ್ತಿ ಇಟ್ಟುಕೊಂಡಿದ್ದ. ಅವನ ಹೆಗಲ ಮೇಲೆ ಸದಾ ಒಂದು ಬಟ್ಟೆ ಇರುತ್ತಿತ್ತು. ಊಟಕ್ಕೆ ಕೂತರೂ ತಟ್ಟೆಯ ಅಂಚನ್ನು ಒಮ್ಮೆ ಒರೆಸಿಯೇ ಅನ್ನಕ್ಕೆ ಕೈ ಹಾಕುತ್ತಿದ್ದ.

ಅವನ ಹೆಂಡತಿ ಬೇರೆ ಥರದವಳು. ಅವಳ ಉಗುರಿನಲ್ಲಿ ಸದಾ ಮಣ್ಣು. ಅಂಗಡಿಯಲ್ಲಿ ಬಾಯಿ ಸೀಳಿದ ಜಾಡಿ, ಗುಳ್ಳೆ ಬಿದ್ದ ಜಾಡಿ, ಯಾರೂ ಕೊಳ್ಳದ ಜಾಡಿ ಎಂದು ಮೂಲೆಗೆ ಬಿದ್ದದ್ದನ್ನು ಅವಳು ಎತ್ತಿಕೊಂಡು ಹೋಗುತ್ತಿದ್ದಳು. ತಳಕ್ಕೆ ಬೆಣಚುಕಲ್ಲು ಹಾಕುವಳು. ಅದರ ಮೇಲೆ ಒಲೆಯ ಇದ್ದಿಲು, ಇದ್ದಿಲಿನ ಮೇಲೆ ಮರಳು, ಮರಳಿನ ಮೇಲೆ ಕೊಳೆತ ಎಲೆಯ ಮಣ್ಣು. ಬಾವಿಯ ಒಳಗೋಡೆಯಿಂದ ಹಸಿರು ಪಾಚಿಯನ್ನು ಚಮಚದಲ್ಲಿ ಕೆರೆದು ತರುವಳು. ಅದೇ ಗೋಡೆಯ ಸಂದಿನಿಂದ ಜರಿಗಿಡದ ಮರಿಗಳನ್ನು ಕೀಳುವಳು. ಎರಡು ಬಿದಿರು ಕಡ್ಡಿಗಳಿಂದ ಅವನ್ನು ಜಾಡಿಯೊಳಗೆ ಇಳಿಸಿ ನೆಡುವಳು. ಒಂದು ಸೌಟು ನೀರು ಸುರಿದು, ಮರದ ಬಿರಡೆ ಬಿಗಿದು, ಅದಕ್ಕೆ ಮೇಣದ ಬಟ್ಟೆ ಕಟ್ಟುವಳು. ಅಲ್ಲಿಗೆ ಮುಗಿಯಿತು. ಮತ್ತೆ ಅದಕ್ಕೆ ನೀರಿಲ್ಲ, ಗೊಬ್ಬರವಿಲ್ಲ. ವರ್ಷಗಟ್ಟಲೆ ಅದು ತನ್ನಷ್ಟಕ್ಕೆ ಹಸಿರಾಗಿರುತ್ತಿತ್ತು.

"ಮುಚ್ಚಿದ ಮೇಲೆ ನಾನು ಇದಕ್ಕೆ ಒಂದು ತೊಟ್ಟು ನೀರು ಹಾಕಿದ್ದು ಕಂಡರೆ ನನ್ನ ಕಿವಿ ಹಿಂಡಿ" ಎಂದು ಅವಳು ಬಂದವರಿಗೆಲ್ಲ ಜಂಬ ಕೊಚ್ಚುತ್ತಿದ್ದಳು.

ಸಂಜೆ ಕೆಲಸ ಮುಗಿಸಿ ಅವಳು ಹಿಂದಿನ ಕೋಣೆಯಲ್ಲಿ ಜಾಡಿಯ ಮುಂದೆ ಕೂರುವಳು. ಮಗಳು ಮಡಿಲಲ್ಲಿ ಕೂರುವಳು. ಇಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ನೋಡುವರು. ಜರಿಯ ಸುರುಳಿ ಇವತ್ತು ಎಷ್ಟು ಬಿಚ್ಚಿತು, ಪಾಚಿಯ ಮೇಲೆ ಓಡಾಡುವ ಸಾಸಿವೆಯಂಥ ಹುಳ ಎಲ್ಲಿ ಹೋಯಿತು, ಇದೇ ಮಾತು. ಆ ಹುಳಕ್ಕೆ ಅವರು ಪಟೇಲರು ಎಂದು ಹೆಸರಿಟ್ಟಿದ್ದರು. "ಪಟೇಲರು ಇನ್ನೂ ಎದ್ದಿಲ್ಲ, ಗಲಾಟೆ ಮಾಡಬೇಡ" ಎಂದು ತಾಯಿ ಪಿಸುಗುಟ್ಟುವಳು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುವಳು.

ವ್ಯಾಪಾರಿಗೆ ಒಂದೇ ಕಸಿವಿಸಿ. ಬೆಳಿಗ್ಗೆ ನೋಡಿದರೆ ಆ ಜಾಡಿಗಳ ಒಳಮೈ ಎಲ್ಲ ಮಂಜು ಹಿಡಿದಿರುತ್ತಿತ್ತು. ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ಅವನ ಕೈ ತಾನಾಗಿ ಹೆಗಲಿಗೆ ಹೋಗುತ್ತಿತ್ತು.

"ರೀ, ಹೊರಗಿನ ಗಾಜು ನಿಮ್ಮದು, ಒಳಗಿನದು ನನ್ನದು" ಎಂದು ಅವಳು ಅವನ ಕೈಗೆ ಹೊಡೆಯುವಳು. "ಅಂಗಡಿಯಲ್ಲಿ ಅಷ್ಟು ಗಾಜಿದೆಯಲ್ಲ, ಸಾಲದೇ?"

ಅವನು ಅದನ್ನು ತಮಾಷೆ ಎಂದುಕೊಂಡ. ಅವಳು ಕಾರಣ ಹೇಳಲಿಲ್ಲ, ಅವನು ಕೇಳಲಿಲ್ಲ. ಅಂಥದ್ದನ್ನು ಕೇಳುವುದಕ್ಕೆ ಬೇಕಾದಷ್ಟು ಕಾಲವಿದೆ ಎಂದು ಇಬ್ಬರಿಗೂ ಅನ್ನಿಸಿದ್ದಿರಬೇಕು.

ಒಂದು ಮಳೆಗಾಲ ಅವಳು ಮಲಗಿದಳು. ಏಳಲಿಲ್ಲ. ವೈದ್ಯರು ಬಂದರು, ಹೋದರು. ಕೈಕಾಲು ಕಡ್ಡಿಯಾದವು. ಕಡ್ಡಿ ಹಿಡಿದು ಗಿಡ ನೆಡುವಷ್ಟು ಶಕ್ತಿ ಅವಳ ಬೆರಳಲ್ಲಿ ಉಳಿಯಲಿಲ್ಲ. ಆಗ ಅವಳು ಒಂದು ಅಗಲಬಾಯಿಯ ಜಾಡಿ ತರಿಸಿ ಮಂಚದ ಪಕ್ಕ ಇಡಿಸಿದಳು. ಮಗಳ ಕೈ ಚಿಕ್ಕದು, ಮೊಣಕೈ ತನಕ ಜಾಡಿಯೊಳಗೆ ಹೋಗುತ್ತಿತ್ತು. ತಾಯಿ ಮಲಗಿದಲ್ಲಿಂದಲೇ ಹೇಳಿದಳು, ಮಗಳು ಮಾಡಿದಳು.

"ಕಲ್ಲು ಸುರಿಯಬೇಡವೇ, ಇಡು. ಅದೇನು ಅವರೆಕಾಳೇ?"

"ಇಟ್ಟೆ ಅಮ್ಮ."

"ಈಗ ಪಾಚಿ. ಮೆತ್ತಗೆ ಒತ್ತು. ಮಗುವಿನ ತಲೆ ಸವರಿದ ಹಾಗೆ."

"ನನಗೆಲ್ಲಿದೆ ಮಗು?"

"ಬರುತ್ತದೆ, ಬರುತ್ತದೆ. ಅವಸರ ನೋಡು ಇವಳಿಗೆ."

ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿಯೂ ನಕ್ಕ. ಆ ಮನೆಯಲ್ಲಿ ಮೂವರೂ ಕೂಡಿ ನಕ್ಕದ್ದು ಅದೇ ಕಡೆಯ ಸಲ. ತೋಟ ಮುಗಿಯಿತು. ಬಿರಡೆ ಹಾಕಿದರು. ಜರಿಗಿಡ ಎರಡನೆಯ ಎಲೆ ಬಿಚ್ಚುವಷ್ಟರಲ್ಲಿ ತಾಯಿ ಹೋದಳು.

ಮಗಳು ಅತ್ತಳು. ಬೆಳಿಗ್ಗೆ ಎದ್ದ ಕೂಡಲೇ ಅಳುವಳು, ಉಣ್ಣುವಾಗ ಅಳುವಳು, ಆಡುತ್ತ ಆಡುತ್ತ ನಿಂತು ಅಳುವಳು. ವ್ಯಾಪಾರಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಎಲ್ಲಿದ್ದರೂ ಓಡಿ ಬರುತ್ತಿದ್ದ. ಹೆಗಲ ಬಟ್ಟೆ ತೆಗೆದು ಅವಳ ಕೆನ್ನೆ ಒರೆಸುತ್ತಿದ್ದ. "ಶ್, ಶ್. ಅಳಬಾರದು. ನೀನು ಅತ್ತರೆ ಅಮ್ಮನಿಗೆ ಬೇಜಾರು" ಎನ್ನುತ್ತಿದ್ದ. ಡಬ್ಬಿಯಿಂದ ಬೆಲ್ಲದ ಚೂರು ತಂದು ಬಾಯಿಗೆ ಹಾಕುತ್ತಿದ್ದ. ಅವಳು ಬೆಲ್ಲ ಚೀಪುತ್ತ ಸುಮ್ಮನಾಗುತ್ತಿದ್ದಳು. ಅವನಿಗೆ ಎದೆಯ ಭಾರ ಇಳಿದ ಹಾಗಾಗುತ್ತಿತ್ತು.

ಅವನು ಮಾತ್ರ ಅಳಲಿಲ್ಲ. ಅವನಿಗೆ ಪುರುಸೊತ್ತಿರಲಿಲ್ಲ. ಅವನ ತಲೆಯಲ್ಲಿ ಒಂದೇ ಯೋಚನೆ ಇತ್ತು. ಹೆಂಡತಿ ಹೋದಳು. ಅವಳ ಮಾತು ಕೇಳಿ ಮಗಳ ಕೈ ನೆಟ್ಟ ಆ ಜಾಡಿ ಉಳಿದಿದೆ. ಅದು ಹಸಿರಾಗಿರುವ ತನಕ ಮಗಳಿಗೆ ತಾಯಿ ಪೂರ್ತಿ ಹೋದ ಹಾಗಲ್ಲ. ಅದನ್ನು ಕಾಪಾಡಬೇಕು. ಅದೊಂದನ್ನಾದರೂ ಕಾಪಾಡಬೇಕು.

ಜಾಡಿಯನ್ನು ಹಿಂದಿನ ಕೋಣೆಯಿಂದ ಅಂಗಡಿಗೂ ಮನೆಗೂ ನಡುವಿನ ಪಡಸಾಲೆಗೆ ತಂದ. ಬಂದವರಿಗೆ ಮೊದಲು ಅದೇ ಕಾಣುವ ಹಾಗೆ ಎತ್ತರದ ಮಣೆಯ ಮೇಲೆ ಇಟ್ಟ. ಮರುದಿನ ಬೆಳಿಗ್ಗೆ ನೋಡಿದರೆ ಒಳಗೆಲ್ಲ ಮಂಜು. ಮಗಳು ಎದ್ದು ಬಂದು ನೋಡಿದರೆ ಅವಳಿಗೆ ಏನೂ ಕಾಣುವುದಿಲ್ಲವಲ್ಲ ಎಂದುಕೊಂಡ. ಬಿರಡೆ ತೆಗೆದ. ಚಿಮಣಿ ಒರೆಸುವ ಕೋಲಿಗೆ ಒಗೆದ ಬಟ್ಟೆ ಸುತ್ತಿದ. ಒಂದು ಎಲೆಗೂ ತಾಗದ ಹಾಗೆ, ಒಳಮೈಯನ್ನು ಮೇಲಿನಿಂದ ಕೆಳಕ್ಕೆ ಸುತ್ತಲೂ ಒರೆಸಿದ. ಬಿರಡೆ ಹಾಕಿದ. ಹೊರಮೈಯನ್ನೂ ಒರೆಸಿದ. ಗಾಜು ಇದೆಯೋ ಇಲ್ಲವೋ ಎನ್ನುವ ಹಾಗಾಯಿತು. ಒದ್ದೆಯಾದ ಬಟ್ಟೆಯನ್ನು ಅಂಗಳದ ಹಗ್ಗದ ಮೇಲೆ ಹರವಿದ. ಬಿಸಿಲಿಗೆ ಅದು ಬೇಗ ಒಣಗಿತು.

ಅಂದಿನಿಂದ ಅದು ನಿತ್ಯದ ಕೆಲಸವಾಯಿತು. ಅಂಗಡಿಯ ಗಾಜಿಗೆ ಮುಂಚೆ ಜಾಡಿಯ ಗಾಜು. ಅದು ಅವನಿಗೆ ಪೂಜೆಯಿದ್ದ ಹಾಗೆ. ಬಿರಡೆ ತೆಗೆದಾಗ ಹಸಿಮಣ್ಣಿನ ವಾಸನೆ ಬರುತ್ತಿತ್ತು. ಹೆಂಡತಿಯ ಕೈಯ ವಾಸನೆ ಅದು. ಒಮ್ಮೊಮ್ಮೆ ಅದಕ್ಕಾಗಿ ಬಿರಡೆಯನ್ನು ಸ್ವಲ್ಪ ಹೆಚ್ಚು ಹೊತ್ತು ತೆಗೆದಿಡುತ್ತಿದ್ದ.

ಒಂದು ಬೆಳಿಗ್ಗೆ ಮಗಳು ಬಂದು ಪಕ್ಕದಲ್ಲಿ ನಿಂತಳು. ಅವನು ಕೋಲು ಆಡಿಸುವುದನ್ನು ನೋಡಿದಳು.

"ಅಪ್ಪ, ಅಮ್ಮ ಹೇಳಿದ್ದಳು..." ಎಂದಳು. ಅಷ್ಟರಲ್ಲಿ ಅವಳ ತುಟಿ ನಡುಗಿತು, ಕಣ್ಣು ತುಂಬಿತು.

ಅವನು ಕೋಲು ಕೆಳಗಿಟ್ಟ. ಕೆನ್ನೆ ಒರೆಸಿದ. "ಶ್. ಬೆಳಿಗ್ಗೆ ಬೆಳಿಗ್ಗೆ ಅಳಬಾರದು. ನೋಡು, ಅಮ್ಮನ ತೋಟ ಎಷ್ಟು ಚೆನ್ನಾಗಿ ಕಾಣುತ್ತಿದೆ" ಎಂದ. ಬೆಲ್ಲ ಕೊಟ್ಟ.

ಕೆಲವು ದಿನ ಬಿಟ್ಟು ಅವಳು ಮತ್ತೆ ಬಂದಳು. ಮತ್ತೆ ಅದೇ ಮಾತು ತೆಗೆದಳು, ಮತ್ತೆ ಅದೇ ಜಾಗದಲ್ಲಿ ಅಳು ಬಂತು. ಅವನು ಒರೆಸಿದ. ಬೆಲ್ಲ ಕೊಟ್ಟ. ಆಮೇಲೆ ಅವಳು ಬೆಳಿಗ್ಗೆ ಆ ಕಡೆ ಬರುವುದನ್ನು ಬಿಟ್ಟಳು.

ಅವನ ಅಕ್ಕ ಮನೆ ನೋಡಿಕೊಳ್ಳಲು ಬಂದಿದ್ದಳು. ಬಾಯಿ ಜೋರಿನ ಹೆಂಗಸು. "ಏನು ಮನೆಯಪ್ಪ ಇದು, ನೊಣ ಕೂತರೂ ಜಾರಿ ಬೀಳುತ್ತದೆ" ಎಂದು ಬಂದ ದಿನವೇ ಅಂದಳು. ಆದರೆ ಅವಳಿಗೂ ಒಂದು ವಿಷಯ ಮೆಚ್ಚಿಗೆಯಾಯಿತು. ತಾಯಿಯಿಲ್ಲದ ಹುಡುಗಿ, ಕೆನ್ನೆಯ ಮೇಲೆ ಕಣ್ಣೀರಿನ ಒಂದು ಕಲೆ ಇಲ್ಲ. ಕರೆದರೆ ಬರುತ್ತಾಳೆ, ಹೇಳಿದ್ದು ಮಾಡುತ್ತಾಳೆ, ಕೂರು ಎಂದರೆ ಕೂರುತ್ತಾಳೆ. ಚಿಮಣಿಗಳನ್ನು ಸುತ್ತಿ ಬಂದ ಹುಲ್ಲಿನಿಂದ ತೆಗೆದು ಜೋಡಿಸುವುದನ್ನು ಕಲಿತಿದ್ದಾಳೆ. ಒಂದೂ ಒಡೆಯುವುದಿಲ್ಲ.

"ಎಷ್ಟು ಗಟ್ಟಿ ಮಾಡಿದ್ದೀಯಪ್ಪ ಮಗುವನ್ನು" ಎಂದು ನೆರೆಹೊರೆಯವರು ಹೇಳಿದರು. "ನಮ್ಮ ಮನೆಯವು ಬೆಕ್ಕು ಸತ್ತರೆ ವಾರ ಊಟ ಬಿಡುತ್ತವೆ."

ಪಡಸಾಲೆಗೆ ಬಂದವರು ಜಾಡಿಯನ್ನೂ ನೋಡಿ ತಲೆದೂಗಿದರು. "ಗಾಜೇ ಇಲ್ಲವೇನೋ ಅನ್ನಿಸುತ್ತದೆ" ಎಂದರು. ವ್ಯಾಪಾರಿ ಎರಡು ಹೊಗಳಿಕೆಯನ್ನೂ ತಲೆ ತಗ್ಗಿಸಿ ತೆಗೆದುಕೊಂಡ. ಬಹಳ ಕಷ್ಟಪಟ್ಟು ಎರಡನ್ನೂ ಉಳಿಸಿಕೊಂಡಿದ್ದೇನೆ ಎಂದು ಅವನಿಗೆ ಅನ್ನಿಸಿತು.

ಪೇಟೆಯ ಕೊನೆಯಲ್ಲಿ ಒಬ್ಬ ದರ್ಜಿ ಇದ್ದ. ದರ್ಜಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ ವ್ಯಾಪಾರಿಯ ಹೆಂಡತಿ ಅವರಿಗೊಂದು ಜಾಡಿ ಕೊಟ್ಟಿದ್ದಳು. ವ್ಯಾಪಾರಿ ಅಂಗಿಯ ಬಟ್ಟೆ ಕೊಡಲು ಹೋದಾಗ ಅದನ್ನು ಕಂಡ. ಚಿಂದಿಯ ಮೂಟೆಯ ಹಿಂದೆ, ಕಿಟಕಿಯ ಪಕ್ಕ ಅದು ಬಿದ್ದಿತ್ತು. ಹೊರಗೆ ಧೂಳು, ಒಳಗೆ ದಟ್ಟ ಮಂಜು. ಒಳಗಿನದು ಹಸಿರೋ ಕಪ್ಪೋ ತಿಳಿಯುವ ಹಾಗಿರಲಿಲ್ಲ. ಅವನಿಗೆ ನೋವಾಯಿತು.

"ಅಮ್ಮಾ, ಅವಳು ಪ್ರೀತಿಯಿಂದ ಕೊಟ್ಟದ್ದು. ಒಂದು ಸಲವೂ ಒರೆಸಿಲ್ಲವಲ್ಲ ನೀವು" ಎಂದ.

ದರ್ಜಿಯ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಸ್ವಾಮಿ, ನನ್ನ ಮಕ್ಕಳ ಮೂಗು ಒರೆಸುವುದಕ್ಕೇ ನನಗೆ ಪುರುಸೊತ್ತಿಲ್ಲ" ಎಂದಳು. "ಇದರ ಮೂಗು ಯಾರು ಒರೆಸುತ್ತಾರೆ?"

ಅವನಿಗೆ ಸಿಟ್ಟು ಬಂತು. ಮನೆಗೆ ಬಂದು ಜಾಡಿಯನ್ನು ಇನ್ನೊಮ್ಮೆ ಒರೆಸಿದ.

ಚಳಿ ಕಳೆಯಿತು. ಬಿಸಿಲು ಏರಿತು. ಜಾಡಿಯೊಳಗೆ ಈಗ ಮಂಜು ಕಡಿಮೆಯಾಗಿತ್ತು. ಕೆಲವು ಬೆಳಿಗ್ಗೆ ಒರೆಸಲು ಏನೂ ಇರುತ್ತಿರಲಿಲ್ಲ. ಕಡೆಗೂ ಇದು ತನ್ನ ಕೈಗೆ ಹೊಂದಿಕೊಂಡಿತು ಎಂದು ಅವನು ಸಂತೋಷಪಟ್ಟ. ಆದರೂ ಅಭ್ಯಾಸ ಬಿಡಲಿಲ್ಲ. ಒಣ ಗಾಜನ್ನೇ ಒರೆಸಿದ.

ಪಾಚಿಯ ಅಂಚು ಬೂದುಬಣ್ಣಕ್ಕೆ ತಿರುಗಿತು. ಜರಿಗಿಡದ ತುದಿ ಕಂದಿಹೋಯಿತು. ಬಿಸಿಲು ಜಾಸ್ತಿಯಾಯಿತೇನೋ ಎಂದು ಜಾಡಿಯನ್ನು ಒಳಕ್ಕೆ ಸರಿಸಿದ. ಬೆಳಕು ಸಾಲದೇನೋ ಎಂದು ಮತ್ತೆ ಹೊರಕ್ಕೆ ಸರಿಸಿದ. ಗಿರಾಕಿಗಳ ಜೊತೆ ಮಾತಾಡುತ್ತ ಮಾತಾಡುತ್ತ ಎದ್ದು ಹೋಗಿ ನೋಡಿ ಬರುತ್ತಿದ್ದ.

ಅಕ್ಕ ಹೇಳಿದಳು: "ಒಂದು ಲೋಟ ನೀರು ಹುಯ್ಯೋ. ಗಿಡ ಅಂದಮೇಲೆ ನೀರು ಬೇಡವೇ?"

"ಅವಳು ಒಂದು ದಿನವೂ ಹುಯ್ಯಲಿಲ್ಲ ಅಕ್ಕ. ಮುಚ್ಚಿದ ಮೇಲೆ ನೀರಿಲ್ಲ ಅನ್ನುತ್ತಿದ್ದಳು."

"ಅವಳು ಹಾಗೆ ಅಂದಳು ಅಂತ ಗಿಡ ಒಣಗಿಸುತ್ತೀಯಾ?"

"ಅವಳು ಮಾಡಿದ ಹಾಗೆಯೇ ಇರಬೇಕು" ಎಂದು ಅವನು ಹೇಳಿದ. ಅದಕ್ಕಿಂತ ಹೆಚ್ಚು ಮಾತಾಡಲು ಬಿಡಲಿಲ್ಲ. ಹೆಂಡತಿಯ ಮಾತೆಂದು ಅವನ ಹತ್ತಿರ ಉಳಿದಿದ್ದೇ ಅಷ್ಟು. ಅದನ್ನೂ ಮೀರಿದರೆ ಏನು ಉಳಿಯುತ್ತದೆ ಎಂದು ಅವನಿಗೆ ಭಯ.

ಜರಿಯ ಎಲೆಗಳು ಒಂದೊಂದಾಗಿ ಮುದುಡಿದವು. ಕಡೆಗೆ ಒಂದು ಮಧ್ಯಾಹ್ನ ಅವನು ತಡೆಯಲಾರದೆ ಬಿರಡೆ ತೆಗೆದು ನೀರು ಹುಯ್ದ. ಅವಸರದಲ್ಲಿ ಚೊಂಬಿನ ನೀರೆಲ್ಲ ಸುರಿಯಿತು. ಮಣ್ಣು ಕದಡಿತು. ಸತ್ತ ಪಾಚಿ ಮೇಲಕ್ಕೆ ತೇಲಿತು. ಎರಡು ದಿನಕ್ಕೆ ಜಾಡಿಯೊಳಗೆ ಕೊಳೆತ ವಾಸನೆ ಹುಟ್ಟಿತು. ಹೆಂಡತಿಯ ಕೈಯ ವಾಸನೆ ಹೋಯಿತು.

ಅವನು ಅಂಗಡಿ ಮುಚ್ಚಿ ದರ್ಜಿಯ ಮನೆಗೆ ಹೋದ. ಏಕೆ ಹೋದನೋ ಅವನಿಗೂ ಗೊತ್ತಿರಲಿಲ್ಲ. ಅವಳು ಕೊಟ್ಟದ್ದು, ಸತ್ತದ್ದಾದರೂ ಸರಿ, ಇನ್ನೊಂದನ್ನು ನೋಡಬೇಕೆನಿಸಿತು. ಚಿಂದಿಯ ಮೂಟೆ ಸರಿಸಿದ. ಹೊರಗಿನ ಧೂಳನ್ನು ಅಂಗೈಯಲ್ಲಿ ಒರೆಸಿದ. ಒಳಗಿನ ಮಂಜು ಹಾಗೇ ಇತ್ತು. ಅದರಲ್ಲಿ ಒಂದು ಹನಿ ದಪ್ಪವಾಗಿ, ಗಾಜಿನ ಮೇಲೆ ಗೆರೆ ಎಳೆಯುತ್ತ ಕೆಳಗೆ ಇಳಿಯಿತು. ಆ ಗೆರೆಯ ಸಂದಿನಿಂದ ಅವನು ಕಣ್ಣಿಟ್ಟು ನೋಡಿದ. ಒಳಗೆ ಜರಿ ಒತ್ತೊತ್ತಾಗಿ ಬೆಳೆದು ಬಿರಡೆಗೆ ತಲೆ ತಾಗಿಸಿತ್ತು. ಹನಿ ಇಳಿದು ಪಾಚಿಗೆ ಸೇರಿತು. ಇನ್ನೊಂದು ಹನಿ ಹೊರಟಿತು.

"ಏನಾಯಿತು ಸ್ವಾಮಿ?" ಎಂದು ದರ್ಜಿಯ ಹೆಂಡತಿ ಕೇಳಿದಳು.

ಅವನು ಚಿಂದಿಯ ಮೂಟೆಯನ್ನು ಮತ್ತೆ ಅಲ್ಲೇ ಸರಿಸಿಟ್ಟ. ಮನೆಗೆ ಬಂದ.

ಮಗಳು ಪಡಸಾಲೆಯಲ್ಲಿ ಕೂತು ಚಿಮಣಿಗಳ ಹುಲ್ಲು ಬಿಡಿಸುತ್ತಿದ್ದಳು. ಅವನು ಸತ್ತ ಜಾಡಿಯ ಮುಂದೆ ನೆಲದ ಮೇಲೆ ಕೂತ.

"ಮಗೂ" ಎಂದ. "ಈ ತೋಟಕ್ಕೆ ನೀರು ಎಲ್ಲಿಂದ ಬರುತ್ತಿತ್ತು?"

"ಗಾಜಿಗೆ ಅಂಟಿಕೊಂಡು ಇರುತ್ತಿತ್ತಲ್ಲ ಅಪ್ಪ, ಅದೇ" ಎಂದಳು ಮಗಳು. ಕೈಕೆಲಸ ನಿಲ್ಲಿಸಲಿಲ್ಲ. "ಮಣ್ಣಿನಿಂದ ಎದ್ದು ಗಾಜಿಗೆ ಹೋಗುತ್ತೆ. ಆಮೇಲೆ ಇಳಿದು ಬೇರಿಗೆ ಹೋಗುತ್ತೆ. ಒಳಗಿನ ಮಳೆ ಅದು. ಅಮ್ಮ ಹೇಳಿದ್ದಳು."

ಚಿಮಣಿಯ ಅಳತೆ ಕೇಳಿದ ಗಿರಾಕಿಗೆ ಉತ್ತರ ಕೊಟ್ಟ ಹಾಗಿತ್ತು ಅವಳ ದನಿ.

"ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು."

"ನಾನು ಒರೆಸುವಾಗ?"

"ಆಗಲೂ."

"ಮತ್ತೆ ಯಾಕೆ ಹೇಳಲಿಲ್ಲ, ನನ್ನವ್ವಾ? ಯಾಕೆ ಹೇಳಲಿಲ್ಲ?"

ಮಗಳು ಈಗ ತಲೆ ಎತ್ತಿದಳು. ಅವನು ಬೈಯುತ್ತಿದ್ದಾನೋ ಏನೋ ಎಂದು ನೋಡಿದಳು. ಬೈಯುತ್ತಿಲ್ಲ ಎಂದು ಕಂಡಿತು.

"ಹೇಳೋಕೆ ಬಂದೆ ಅಪ್ಪ. ಅಮ್ಮ ಅಂದ ಕೂಡಲೇ ಅಳು ಬರುತ್ತಿತ್ತು. ಅಳು ಬಂದ ಕೂಡಲೇ ನೀನು ಒರೆಸುತ್ತಿದ್ದೆ. ಬೆಲ್ಲ ಕೊಡುತ್ತಿದ್ದೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಹೇಗೆ ಹೇಳೋದು?"

ಅವನ ಕೈ ಹೆಗಲ ಬಟ್ಟೆಯ ತನಕ ಹೋಗಿ ಹಿಂದೆ ಬಂತು.

"ಈಗ ಅಳು ಬರಲ್ಲ" ಎಂದಳು ಮಗಳು. "ಅದಕ್ಕೇ ಹೇಳೋಕೆ ಆಯಿತು."

ಅವನು ಅವಳ ಮುಖ ನೋಡಿದ. ಒಂದು ಕಲೆ ಇರಲಿಲ್ಲ. ಜಾಡಿಯೊಳಗೆ ಅವಳ ಕೈ ನೆಟ್ಟದ್ದು ಕಪ್ಪಾಗಿ ಬಿದ್ದಿತ್ತು. ಅವಳು ಅದನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದಳು.

"ಅಳು ಮಗೂ" ಎಂದು ಅವನು ಹೇಳಿದ. "ಅಮ್ಮನ ತೋಟ ಹೋಯಿತಲ್ಲ. ಅಳು. ನಾನು ಏನೂ ಅನ್ನುವುದಿಲ್ಲ."

ಹುಡುಗಿ ಹೇಳಿದ ಮಾತು ಕೇಳುವವಳು. ಅಪ್ಪ ಹೇಳಿದನಲ್ಲ ಎಂದು ಪ್ರಯತ್ನಪಟ್ಟಳು. ಕಣ್ಣು ಬಿಗಿಯಾಗಿ ಮುಚ್ಚಿದಳು. ಮುಖ ಕಿವುಚಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಕಣ್ಣು ತೆರೆದು, "ಬರಲ್ಲ ಅಪ್ಪ" ಎಂದಳು. ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

ಆಗ ವ್ಯಾಪಾರಿ ಅತ್ತ. ಹೆಂಡತಿ ಹೋದ ಮೇಲೆ ಮೊದಲ ಸಲ ಅತ್ತ. ನೆಲಕ್ಕೆ ಕೈಯೂರಿ, ಬಾಯಿ ತೆರೆದು, ದನಿ ತೆಗೆದು ಅತ್ತ. ಹೆಂಡತಿಯ ಹೆಸರು ಹಿಡಿದು ಏನನ್ನೋ ಹೇಳಲು ಹೊರಟ.

ಮಗಳು ಚಿಮಣಿಯನ್ನು ಜೋಪಾನವಾಗಿ ಕೆಳಗಿಟ್ಟು ಎದ್ದು ಬಂದಳು. ಅವನ ಹೆಗಲಿನ ಬಟ್ಟೆ ಎಳೆದುಕೊಂಡಳು. ಮೊದಲು ಕಣ್ಣಿನ ಕೆಳಗೆ, ಆಮೇಲೆ ಕೆನ್ನೆ, ಆಮೇಲೆ ಗದ್ದ, ಮೇಲಿನಿಂದ ಕೆಳಕ್ಕೆ ಒರೆಸಿದಳು. ಕೈ ಪಳಗಿತ್ತು. ಒಂದು ಹನಿ ಉಳಿಸಲಿಲ್ಲ.

"ಶ್, ಶ್. ಅಳಬಾರದು" ಎಂದಳು. ಬೆಲ್ಲದ ಡಬ್ಬಿ ತರಲು ಒಳಗೆ ಹೋದಳು.

ಅವ್ವ ಅಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯ ಮುಂದಿನ ಮಾತಿಗೆ ಕಾದ.

"ಆ ಹುಡುಗಿ ಮುಂದೆ ಎಂದಾದರೂ ಅತ್ತಳೇ ಅವ್ವಾ?" ಎಂದು ಅವನು ಕೇಳಿದ.

"ನನಗೆ ತಿಳಿಯದು. ನಾನು ಕೇಳಿದ್ದು ಇಷ್ಟೇ."

ಮುರಿಗೆಯ್ಯನಿಗೆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು. "ಎಂಥ ಮನುಷ್ಯ ಅವ್ವಾ ಅವನು!" ಎಂದ. "ಮಗು ಏನೋ ಹೇಳಲು ಬಂದು ನಿಂತಿದೆ. ಬಟ್ಟೆ ಕೆಳಗಿಟ್ಟು, ಏನು ಮಗೂ ಅಂತ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಕೇಳಬಾರದಿತ್ತೇ?"

ಅವ್ವ ಅವನ ಕಡೆ ತಿರುಗಿದರು.

"ನಿನ್ನೆ ಬಂದವಳ ಮಗುವಿನ ಹೆಸರು ಏನು, ಮುರಿಗೆಯ್ಯ?"